ಬಾಗವಾನರ ಮನಿಯ ಕೇಕು

ಪೀರಬಿ ಸುಳ್ಳ ಹೇಳಾಕಿ ಅಲ್ಲ. ಇದನ್ನ ಮೊದಲ ಹೇಳಿಬಿಡ್ತೇನಿ, ಯಾಕಂದ್ರ ನಮ್ಮ ಇಂಡಿಯೊಳಗ ಇನ್ನೂ ಒಂದಿಷ್ಟು ಮಂದಿ ಅದಾರ, ಪೀರಬಿ ಸುಳ್ಳ ಹೇಳಿ ಮಗಳನ್ನ ಸೊಲ್ಲಾಪುರಕ್ಕ ಕೊಟ್ಟಳು ಅಂತ ಆಡಿಕೋತಾರ. ಅವರ ನಾಲಿಗಿಗಿ ಹುಳಾ ಬೀಳಲಿ. ಸುಳ್ಳ ಹೇಳಿದಾಂವ ಆಕಿ ತಮ್ಮ ಶಹಾಬುದ್ದೀನ. ಪೀರಬಿ ಆ ಸುಳ್ಳನ್ನ ಖರೇ ಮಾಡಾಕ ಹೋದಾಕಿ. ಎರಡಕ್ಕೂ ಭಾಳ ಫರಕ್ ಐತಿ.

ನಾ ಕಾಶಿಬಾಯಿ, ಆಕಿ ಮಗ್ಗಲ ಮನಿಯಾಕಿ. ನಮ್ಮಿಬ್ಬರ ಹಿತ್ತಲದ ನಡುವ ಎದಿಮಟ್ಟದ ಒಂದು ಗ್ವಾಡಿ ಇತ್ತು. ಆ ಗ್ವಾಡಿ ಮ್ಯಾಲಿಂದ ಮಜ್ಜಿಗಿ ಹೋಗತಿತ್ತು, ಕೆಂಡ ಬರತಿತ್ತು, ಬೈಗಳ ಎರಡೂ ಕಡಿ ಅಡ್ಡಾಡತಿದ್ವು. ನಮ್ಮದು ಕುರಿ ಸಾಕೂ ಮನಿ. ಅವರು ಬಾಗವಾನರು, ಹಣ್ಣಿನ ವ್ಯಾಪಾರದವರು. ಪೀರಬಿ ಗಂಡ ಮೋದಿನಸಾಬ ಪ್ಯಾಟ್ಯಾಗ ಬಾಳಿಹಣ್ಣ ಮಾರತಿದ್ದ. ಮನಿಯ ಕತ್ತಲ ಕ್ವಾಣ್ಯಾಗ ಗೊನಿ ಇಟ್ಟು ಹಣ್ಣ ಮಾಗಸೂ ಕೆಲಸ ಪೀರಬಿದು. ಆಕಿ ಸೀರಿ, ಸೆರಗ, ಹಾಸಿಗಿ ಎಲ್ಲಾ ಬಾಳಿಹಣ್ಣಿನ ವಾಸನಿ ಹೊಡಿತಿದ್ವು. ಮಾಗಿ ಕರ್ರಗಾದ ಹಣ್ಣ ಪ್ಯಾಟ್ಯಾಗ ಯಾರೂ ಮುಟ್ಟತಿದ್ದಿಲ್ಲ, ಅವೆಲ್ಲಾ ಗ್ವಾಡಿ ದಾಟಿ ನಮ್ಮ ಕುರಿಗಿ ಬರತಿದ್ವು. ಹಿಂಗಾಗಿ ಇಡೀ ತಾಲೂಕಿನಾಗ ನಮ್ಮ ಕುರಿ ದಪ್ಪ ಇದ್ವು, ನಮ್ಮವರು ಮಾತ್ರ ಬಡಕ.

ಪೀರಬಿ ಗಿಡ್ಡ ಹೆಂಗಸು, ದನಿ ದೊಡ್ಡದು. ಸಿಟ್ಟ ಬಂದ್ರೂ ನಗಾಕಿ, ಅಂಜಿಕಿ ಬಂದ್ರೂ ನಗಾಕಿ. ಒಮ್ಮೆ ಹಿತ್ತಲದಾಗ ಹಾವ ಬಂದಾಗ ಒಗಿಯೂ ಕಲ್ಲಿನ ಮ್ಯಾಲ ಹತ್ತಿ ಹೊಟ್ಟಿ ಹಿಡಕೊಂಡು ನಕ್ಕಳು. ಪಾಪ, ಹಾವಿಗೇ ಗಾಬರಿ ಆಗಿ ಹೊಂಟ ಹೋತು. ನಾ ಬೈದೆ, "ಪೀರಕ್ಕಾ, ನಗೂ ಹೊತ್ತೇನ ಇದು?" ಅಂದ್ರ, "ಅಳಾಕ ಬರವಲ್ದು ಕಾಶಿ, ಏನ್ ಮಾಡ್ಲಿ!" ಅಂತ ಮತ್ತ ನಕ್ಕಳು.

ಆಕಿಗಿ ಇದ್ದಾಕಿ ಒಬ್ಬಾಕಿನ ಮಗಳು, ಸಗೀರಾ. ಅವ್ವನ ನಗಿ, ಅವ್ವನ ಬಾಯಿ, ಎತ್ತರ ಮಾತ್ರ ಅಪ್ಪಂದು. ನಾವು ಮುಂಬೈ ಸೀಮಿ ಬಿಟ್ಟು ಮೈಸೂರು ಸೀಮಿಗಿ ಕೂಡಿ ನಾಕೈದು ವರ್ಷ ಆಗಿದ್ದ ಕಾಲ ಅದು. ಸೊಲ್ಲಾಪುರದಾಗ ಯಾರದೋ ಮದುವ್ಯಾಗ ಸಗೀರಾ ಒಬ್ಬ ಹುಡುಗನ್ನ ನೋಡಿದ್ಳು. ಅಮೀನುದ್ದೀನ ಅಂತ. ಆ ಹುಡುಗ ಹೆಂಗಸರ ಕಡಿ ಶರಬತ್ತು ಕೊಡಾಕ ಬಂದಾಂವ ಈಕಿನ್ನ ನೋಡಿ ತನ್ನ ಅಂಗಿ ಮ್ಯಾಲ ಸುರುವಿಕೊಂಡನಂತ. ಇಬ್ಬರೂ ನಕ್ಕರಂತ. ಅಷ್ಟ. ಮನಿಗಿ ಬಂದು ಅವ್ವನ ಮುಂದ ನೆಟ್ಟಗ ನಿಂತು, "ಯವ್ವಾ, ಕೊಡೂದಿದ್ರ ನನ್ನ ಆ ಹುಡುಗಗ ಕೊಡ್ರಿ" ಅಂದಿದ್ಳು. ಯಾವ ಹುಡುಗಿ ಹಂಗ ಅಂತಿದ್ಳ್ರೀ ಆ ಕಾಲದಾಗ? ನಾ ಕೇಳಿ ಕಿವಿ ಮುಚ್ಚಿಕೊಂಡೆ, ಮತ್ತ ಎಲ್ಲಾ ಕೇಳಿದೆ.

ಮೋದಿನಸಾಬ ಕೆಟ್ಟ ಮನಶ್ಯಾ ಅಲ್ಲ, ಆದ್ರ ಅವಸರದ ಮನಶ್ಯಾ. ಹಣ್ಣಿನ ವ್ಯಾಪಾರದವರಿಗಿ ಎಲ್ಲಾ ಕೆಡತೈತಿ ಅನ್ನೂ ಅಂಜಿಕಿ. ಮುಳವಾಡದಾಗ ಅವನ ಸಂಬಂಧಿಕನೊಬ್ಬ ಇದ್ದ, ಹೆಂಡ್ತಿ ತೀರಿಕೊಂಡಿದ್ಳು, ಎರಡು ಮಕ್ಕಳಿದ್ವು, ಹೊಲಾ ಚಲೋ ಇತ್ತು, ಮೀಸಿ ಬೆಳ್ಳಗಾಗಿದ್ವು. "ಸೊಲ್ಲಾಪುರದವರು ಬಂದು ನೋಡಿ ಹೂಂ ಅಂದ್ರ ಅಲ್ಲಿ. ಇಲ್ಲಂದ್ರ ಮುಳವಾಡ. ಮುಂದ ಮಾತಿಲ್ಲ" ಅಂದುಬಿಟ್ಟ. ಆವತ್ತಿಂದ ಸಗೀರಾ ನಗೂದು ಬಿಟ್ಟಳು. ಆಕಿ ನಗೂದು ಬಿಟ್ಟದ್ದ ನೋಡಿ ಪೀರಬಿ ನಿದ್ದಿ ಬಿಟ್ಟಳು.

ಇಂಥಾದ್ರಾಗ ಒಂದು ಸೋಮವಾರ ಶಹಾಬುದ್ದೀನ ಸೊಲ್ಲಾಪುರದಿಂದ ಹಲ್ಲ ಕಿಸಕೋತ ಬಂದ. ಸೊಲ್ಲಾಪುರದ ಹಣ್ಣಿನ ಪ್ಯಾಟಿಗಿ ಮಾಲು ಒಯ್ಯೂದು ಅವನ ಕೆಲಸ.

"ಅಕ್ಕಾ, ಶುಕ್ರವಾರ ನೋಡಾಕ ಬರ್ತಾರ! ಹುಡುಗನ ಅವ್ವ ರಮಜಾನಬಿ ಖುದ್ದ ಬರ್ತಾಳ. ಗಂಡ ಸತ್ತ ಮ್ಯಾಲ ಬೇಕರಿ ಭಟ್ಟಿ ಆಕಿನ ನಡಸ್ತಾಳ. ಭಾರಿ ಹೆಂಗಸು. ಹೆಣ್ಣ ಕೊಡ್ತೇನಿ ಅನ್ನಾವರು ಆಕಿ ಬಾಗಲಾ ಕಾಯಾಕತ್ತಾರ. ನಾನೂ ಸುಮ್ಮ ಕುಂದರಲಿಲ್ಲ. ನಮ್ಮ ಸಗೀರಾ ಮನ್ಯಾಗ ಬಾಳಿಹಣ್ಣಿನ ಕೇಕ್ ಮಾಡ್ತಾಳ ಅಂತ ಹೇಳೇನಿ."

"ಏನ್ ಮಾಡ್ತಾಳ?" ಅಂದ್ಳು ಪೀರಬಿ.

"ಕೇಕ್. ದಿನಾ ಮಾಡ್ತಾಳ ಅಂತ ಹೇಳೇನಿ. ಆಕಿ ಕಣ್ಣ ಅರಳಿದ್ವು ನೋಡು! ಬಂದಾಗ ತಿಂತೇನಿ ಅಂದ್ಳು."

ಪೀರಬಿ ಕೈಯಾಗಿನ ಕಸಬರಿಗಿ ತಗೊಂಡು ತಮ್ಮನ ಬೆನ್ನಿಗಿ ಬಾರಿಸಿದ್ಳು. ಅಂವ ಹಿತ್ತಲದಾಗ ಓಡಿದ, ಆಕಿ ಬೆನ್ನ ಹತ್ತಿದ್ಳು. ಅಂವ ಗ್ವಾಡಿ ಹಾರಿ ನಮ್ಮ ಕುರಿ ನಡುವ ಬಿದ್ದು, ಅಲ್ಲಿಂದ ಕೂಗಿದ, "ಸಾವಿರ ಸುಳ್ಳ ಹೇಳಿ ಒಂದು ಮದುವಿ ಮಾಡು ಅಂತಾರಕ್ಕಾ! ನಾ ಒಂದ ಹೇಳೇನಿ!"

"ನಿನ್ನ ಬಾಯಾಗ ಮಣ್ಣ ಹಾಕ! ಭಟ್ಟಿ ಇಟ್ಟಾಕಿ ಮುಂದ ಕೇಕಿನ ಸುಳ್ಳ ಹೇಳ್ತೀಯಲ್ಲೋ! ಮೀನಿಗಿ ಈಸು ಕಲಿಸಿದಂಗ!" ಅಂತ ಬೈಕೋತ ಬೈಕೋತ ಪೀರಬಿಗಿ ನಗಿ ಹತ್ತಿತು. ಆಕಿ ನಕ್ಕಳಂದ್ರ ಹೆದರ್ಯಾಳ ಅಂತ ನನಗ ಗೊತ್ತಾತು.

ಪೀರಬಿ ಕೇಕ್ ತಿಂದದ್ದು ಹುಟ್ಟಿದಾಗಿಂದ ಒಂದ ಸಲಾ, ಅದೂ ಬೆರಳಿನಷ್ಟು. ನಾ ಅದನ್ನ ಕಣ್ಣಿಲೆ ಕಂಡಿದ್ದಿಲ್ಲ. ಶಹಾಬುದ್ದೀನ ಆ ಭಟ್ಟಿ ಮುಂದ ಹಣ್ಣ ಇಳಸುವಾಗ ನೋಡಿದ್ದನಂತ. ಕುರಿ ನಡುವ ಕುಂತ ಹೇಳಿದ: "ಭಾಳ ಹಗೂರ ಕೆಲಸ ಅಕ್ಕಾ. ಕರ್ರಗಾದ ಹಣ್ಣ ಕಿವುಚೂದು. ತತ್ತಿ ಒಡದು ಸಕ್ರಿ, ತುಪ್ಪ ಹಾಕಿ ಕಡಿಯೂದು. ಗೋದಿ ಹಿಟ್ಟು, ಚಿಟಿಕಿ ಸೋಡಾ. ಕಲಸಿ ಬೇಯಸೂದು. ಆತು."

ಹಣ್ಣಿಗೇನ ಬರಾ? ತತ್ತಿ ಮನಿ ಕೋಳಿದು. ಸೋಡಾ ಭಜಿಗಿ ಹಾಕೂದು ಇದ್ದೇ ಇತ್ತು. ಪೀರಬಿ ಸೆರಗ ಸಿಗಿಸಿ, "ಇಷ್ಟ ಏನು? ಹೋಗತ್ತ!" ಅಂತ ಒಲಿ ಮುಂದ ಕುಂತಳು. ಸಗೀರಾ ಹಣ್ಣ ಕಿವುಚಿದ್ಳು, ನಾ ತತ್ತಿ ಕಡದೆ. ನಾವು ಕುರಿ ಮಂದಿ, ತತ್ತಿಗೇನ ಅಂಜತೇವಿ?

ಮೊದಲನೇ ಕೇಕು ಕೆಳಗ ಇದ್ದಲಿ, ಮ್ಯಾಲ ಅಂಬಲಿ. ಬೋಗುಣಿ ಡಬ್ಬ ಹಾಕಿದ್ರ ಇದ್ದಲಿ ತಳಕ್ಕ ಉಳೀತು, ಅಂಬಲಿ ಪೀರಬಿ ಕಾಲ ಮ್ಯಾಲ ಬಿತ್ತು. ಎರಡನೇದು ಬುಧವಾರ. ಸೋಡಾ ಹೆಚ್ಚಿಗಿ ಹಾಕಿದ್ರ ಹೆಚ್ಚ ಉಬ್ಬತೈತಿ ಅಂತ ಪೀರಬಿ ಚಿಟಿಕಿ ಬಿಟ್ಟು ಮುಟಗಿ ಹಾಕಿದ್ಳು. ಉಬ್ಬಿತ್ರೀ! ಮುಚ್ಚಳ ಎತ್ತಿ ಹೊರಗ ಇಣಕಿ ನೋಡಿ, ಒಲಿಯಾಗ ಇಳೀತು. ಉಳದದ್ದು ಬಾಯಾಗ ಇಟ್ರ ಸಾಬೂನು. ನಮ್ಮ ಕುರಿಗಿ ಹಾಕಿದೆ. ಪೀರಬಿ ಮನಿ ಹಣ್ಣ ಸಿಪ್ಪಿ ಸೈತ ಬಿಡಲಾರದ ಕುರಿ ಮೂಸಿ ನೋಡಿ ಮಾರಿ ತಿರುವಿದ್ವು. ಅದನ್ನ ನೋಡಿ ನಾ ನಕ್ಕೆ, ಪೀರಬಿ ನಕ್ಕಳು, ಸಗೀರಾ ಮಾತ್ರ ಹಿಟ್ಟಿನ ಕೈಯಿಲೆ ಮಾರಿ ಮುಚ್ಚಿಕೊಂಡು ಅತ್ತಳು.

"ಯವ್ವಾ, ನಾ ಮುಳವಾಡಕ್ಕ ಹೋಗಂಗಿಲ್ಲ."

ಪೀರಬಿ ನಗಿ ಗಕ್ಕನ ನಿಂತಿತು. ಮಗಳ ಮಾರಿ ಒರಸಿ, "ಹೋಗಬ್ಯಾಡ. ಯಾವ ಮಗಾ ಕಳಸ್ತಾನ ನೋಡ್ತೇನಿ" ಅಂದ್ಳು. ಆ 'ಮಗಾ' ಅಂದ್ರ ಆಕಿ ಗಂಡ, ಪಡಸಾಲ್ಯಾಗ ಕುಂತು ಎಲ್ಲಾ ಕೇಳಾಕತ್ತಿದ್ದ. ಅಂವ ಚಪ್ಪಲಿ ಮೆಟ್ಟಿಕೊಂಡು ಪ್ಯಾಟಿಗಿ ಹೋದ.

ಶುಕ್ರವಾರ ಹರ್ಯಾಗ ಪೀರಬಿ ಗ್ವಾಡಿ ಮ್ಯಾಲಿಂದ ಕೂಗಿದ್ಳು, "ಕಾಶಿ, ನಾವೆಂಥಾ ಖೋಡಿಗೋಳ! ಬಿರ್ಯಾನಿಗಿ ಹ್ಯಾಂಗ ದಮ್ ಕೊಡ್ತೇವಿ? ಕೆಳಗೂ ಕೆಂಡ, ಮ್ಯಾಲೂ ಕೆಂಡ! ಭಟ್ಟಿ ಅಂದ್ರ ಮತ್ತೇನ ಐತಿ?" ದೊಡ್ಡ ಹಂಡೇದಾಗ ಉಸುಕ ಹಾಕಿ ಕಾಸಿದ್ವಿ. ಅದರಾಗ ಬೋಗುಣಿ ಇಟ್ಟು, ಹಂಡೇದ ಮುಚ್ಚಳದ ಸುತ್ತ ಕಣಕದ ಹಿಟ್ಟು ಮೆತ್ತಿ, ಮ್ಯಾಲ ಕೆಂಡ ಹರವಿದ್ವಿ. ಪೀರಬಿ ಬಿಸ್ಮಿಲ್ಲಾ ಅಂದ್ಳು, ನಾ ರೇವಣಸಿದ್ಧಾ ಅಂದೆ. ಸ್ವಲ್ಪ ಹೊತ್ತಿಗಿ ವಾಸನಿ ಎದ್ದಿತು ನೋಡ್ರಿ! ಓಣಿ ಮಂದಿ ಬಾಗಲಕ್ಕ ಬಂದು ಮೂಗ ಎತ್ತಿ ನಿಂತರು.

ತಗದ್ರ, ಎವ್ವಾ ನಮ್ಮವ್ವ! ಬೋಗುಣಿ ತುಂಬ ಉಬ್ಬಿ, ಸುಟ್ಟ ಬೆಲ್ಲದ ಬಣ್ಣ ಬಂದು, ಬೆರಳಿಲೆ ಒತ್ತಿದ್ರ ಒಳಗ ಹೋಗಿ ಮತ್ತ ಮ್ಯಾಲ ಬರತಿತ್ತು. ಪರಾತದಾಗ ಡಬ್ಬ ಹಾಕಿದ್ರ ಒಂದ ತುಂಡಾಗಿ ಪಟ್ಟನ ಇಳೀತು. ನಾವು ಮೂವರೂ ಕೈ ಕೈ ಹಿಡದು ಒಲಿ ಸುತ್ತ ಕುಣದ್ವಿ. ನನಗ ಆವಾಗ ನಾಕ ಮಕ್ಕಳಿದ್ವು, ನಾಚಿಕಿ ಅನ್ನೂದು ಎಲ್ಲಿ ಹೋಗಿತ್ತೋ ಏನೋ.

ಈಗ ನಮ್ಮ ಅತ್ತಿ ಹುಚ್ಚವ್ವನ ಮಾತು. ನಮ್ಮತ್ತಿ ಮಾದಲಿ ಮಾಡೂದ್ರಾಗ ಹೆಸರಾದಾಕಿ. ಗೋದಿ ಹಿಟ್ಟಿನ ದಪ್ಪ ರೊಟ್ಟಿ ಸುಟ್ಟು, ಅದನ್ನ ಕುಟ್ಟಿ ಪುಡಿ ಮಾಡಿ, ಬೆಲ್ಲ, ಯಾಲಕ್ಕಿ, ಒಣಕೊಬ್ಬರಿ, ಗಸಗಸಿ ಕೂಡಿಸಿ, ಹಾಲು ತುಪ್ಪ ಹಾಕಿಕೊಂಡು ತಿಂತೇವಲ್ಲ, ಅದ ಮಾದಲಿ. ನಮ್ಮ ಕಡಿ ಬೀಗರು ಬಂದ್ರ ಮಾದಲಿ ಇಲ್ಲದ ಹ್ಯಾಂಗ? ನಮ್ಮ ಓಣ್ಯಾಗ ಯಾವ ಜಾತಿಯವರ ಮನಿ ಕಾರ್ಯ ಇರಲಿ, ಮಾದಲಿ ಕುಟ್ಟಾಕ ನಮ್ಮತ್ತಿನ ಬೇಕು. ಆ ವಾರ ಆಕಿ ಸಿಂದಗಿಯೊಳಗ ಮಗಳ ಮನ್ಯಾಗ ಇದ್ಳು. ಶುಕ್ರವಾರ ಮಧ್ಯಾಹ್ನ ಬಸ್ ಇಳದು ಬಂದಾಕಿಗಿ ಬೀಗರು ಬರ್ತಾರ ಅನ್ನೂದೊಂದು ಗೊತ್ತಾತು, ಕೇಕಿನ ಸುದ್ದಿ ಯಾರೂ ಹೇಳಿದ್ದಿಲ್ಲ.

ಪೀರಬಿ ಪರಾತದ ಮ್ಯಾಲ ಬಿಳಿ ಅರಿವಿ ಮುಚ್ಚಿ, "ಆಯಿ, ಬೆಕ್ಕ ಬರತೈತಿ, ಇಲ್ಲೇ ಕುಂತು ಕಾಯ್ರಿ. ನಮ್ಮ ಹುಡುಗಿ ನಸೀಬ ಇದರ ಮ್ಯಾಲ ಐತಿ" ಅಂದ್ಳು. ನಾವಿಬ್ಬರೂ ಸಗೀರಾಗ ಸೀರಿ ಉಡಸಾಕ ನಡಮನಿಗಿ ಹೋದ್ವಿ. ನಡಮನ್ಯಾಗ ಕುಂತವರಿಗಿ ಒಳಗಿಂದ ದಬ್ ದಬ್ ಅಂತ ಸಪ್ಪಳ ಕೇಳಿತು. ಯಾರೋ ಖಾರ ಕುಟ್ಟಾಕತ್ತಾರ ಅಂದುಕೊಂಡ್ವಿ.

ಟಾಂಗಾ ಬಂತು ಅಂತ ಶಹಾಬುದ್ದೀನ ಕೂಗಿದ. ಪೀರಬಿ ಅಡಗಿಮನಿಗಿ ಓಡಿದ್ಳು, ಬೆನ್ನಿಗಿ ನಾ.

ಕುಟ್ಟೂ ಒಳ್ಳಿನ ಮುಂದ ನಮ್ಮತ್ತಿ ಬೆವರ ಒರಸಿಕೋತ ಕುಂತಿದ್ಳು. ಪರಾತದಾಗ ಕೇಕ್ ಇದ್ದಿಲ್ಲ. ಪುಡಿಯ ಗುಡ್ಡ ಇತ್ತು, ಮ್ಯಾಲ ಕೊಬ್ಬರಿ, ಗಸಗಸಿ ಉದುರಿಸಿದ್ಳು.

"ಏನವ್ವಾ ನೀವು? ಬೀಗರು ಬಾಗಲಕ್ಕ ಬಂದ್ರೂ ಮಾದಲಿ ಕುಟ್ಟೂದು ಬಿಟ್ಟು ಸಿಂಗಾರ ಮಾಡಿಕೋತ ಕುಂತೀರಿ! ರೊಟ್ಟಿ ಬ್ಯಾರೆ ಮೆತ್ತಗ, ಒಳಗ ಹಸಿ ಬಿಟ್ಟೀರಿ. ಪುಠಾಣಿ ಹಿಟ್ಟು ಹಾಕಿ ಸರಿ ಮಾಡೇನಿ. ನಾ ಬರಲಿಲ್ಲಂದ್ರ ಏನ್ ಗತಿ ಆಗತಿತ್ತು ನಿಮ್ದು?"

ನಾ ಪೀರಬಿ ಮಾರಿ ನೋಡಿದೆ. ಆಕಿ ತುಟಿ ಅದುರಾಕತ್ತಿದ್ವು. ಅಳ್ತಾಳ ಅಂದುಕೊಂಡೆ. ಖ್ಖೊಳ್ ಅಂತ ನಗಿ ಬಂತು! ಗ್ವಾಡಿ ಹಿಡದು ನಕ್ಕಳು, ಕುಂತ ನಕ್ಕಳು, ಕಣ್ಣಾಗ ನೀರ ಬಂದ್ವು. ನಾನೂ ಸೆರಗ ಬಾಯಾಗ ತುರುಕಿಕೊಂಡೆ. ಸಗೀರಾ ಒಂದ ಕಿವಿಗಿ ಝುಮಕಿ ಹಾಕಿಕೊಂಡು ಓಡಿ ಬಂದು, ಪರಾತ ನೋಡಿ, ನಮ್ಮನ್ನ ನೋಡಿ, ಎಷ್ಟೋ ದಿನದ ಮ್ಯಾಲ ನಕ್ಕಳು. ನಮ್ಮತ್ತಿಗಿ ಸಿಟ್ಟ ಬಂತು. "ಮುದುಕಿ ಕೈ ಮುರಕೊಂಡು ಕುಟ್ಯಾಳ, ಇವಕ್ಕ ಚಾಷ್ಟಿ!"

"ಕಾಶಿ, ಹಾಲು ಕಾಸು" ಅಂದ್ಳು ಪೀರಬಿ, ಕಣ್ಣ ಒರಸಿಕೊಂಡು.

"ಏನಂತ ಕೊಡ್ತಿ?"

"ಕೇಕ್ ಅಂತ ಕೊಡ್ತೇನಿ. ಇಂಡಿ ಕೇಕ್ ಹಿಂಗ ಇರತೈತಿ."

ಹುಡುಗನ್ನ ಕೂಡಿ ಗಂಡಸರು ಪಡಸಾಲ್ಯಾಗ ಕುಂತರು. ನಡುವ ಪಡದಾ. ಒಳಗ ರಮಜಾನಬಿ ಜಮಖಾನಿ ಮ್ಯಾಲ ಕುಂತಳು. ಆಳೆತ್ತರದ ಹೆಂಗಸು, ಕೈ ತುಂಬ ಭಟ್ಟಿ ಸುಟ್ಟ ಕಲೆ. ಸಗೀರಾ ಬಟ್ಟಲದಾಗ ಪುಡಿ ಹಾಕಿ, ಬಿಸಿ ಹಾಲು ಸುರುವಿ, ತುಪ್ಪ ಬಿಟ್ಟು ಮುಂದ ಇಟ್ಟಳು. ರಮಜಾನಬಿ ಒಂದು ತುತ್ತ ತಿಂದ್ಳು. ಇನ್ನೊಂದು ತುತ್ತ ತಿಂದು ಕೇಳಿದ್ಳು, "ಇದಕ್ಕೇನಂತೀರಿ?"

ಪೀರಬಿಗಿ ಮತ್ತ ನಗಿ ಏರಾಕತ್ತಿತು. ಬಾಯಿ ಬಿಡಲಾರದ ಕುಂತಳು. ಅಷ್ಟರಾಗ ಪಡದಾದ ಆಚಿಯಿಂದ ಆ ಶಹಾಬುದ್ದೀನ, ಬಾಯಿ ಬಿದ್ದ ಹೋಗ್ಲಿ ಅವಂದು, "ಅದ ಕೇಕ್ರೀ! ನಮ್ಮ ಸಗೀರಾ ದಿನಾ ಮಾಡ್ತಾಳ್ರೀ!" ಅಂತ ಒದರಿದ.

ರಮಜಾನಬಿ ಹುಡುಗಿ ಕಡಿ ತಿರುಗಿದ್ಳು. "ದಿನಾ ಮಾಡ್ತೀಯೇನವ್ವಾ?"

ನಾ ಕಣ್ಣ ಮುಚ್ಚಿದೆ. ಹೂಂ ಅನ್ನವ್ವಾ, ಹೂಂ ಅಂದುಬಿಡು ಅಂತ ಮನಸಿನಾಗ ಅಂದೆ.

"ಇಲ್ರಿ" ಅಂದ್ಳು ಸಗೀರಾ. "ನಮ್ಮ ಮಾಮಾ ಸುಳ್ಳ ಹೇಳ್ಯಾನ್ರಿ. ಈ ವಾರದ ತನಕಾ ನಾ ಕೇಕ್ ಮಾಡಿದ್ದಿಲ್ರಿ. ಮೊದಲನೇದು ಸುಟ್ಟಿತ್ರಿ. ಎರಡನೇದು ಕುರೀನೂ ತಿನ್ನಲಿಲ್ರಿ. ಇವತ್ತಿಂದು ಚಲೋ ಬಂದಿತ್ರಿ, ಅಲ್ಲಾನ ಆಣಿ, ಹಿಂಗ ಉಬ್ಬಿತ್ರಿ, ಆದ್ರ ಆಯಿ ಅದು ಮಾದಲಿ ರೊಟ್ಟಿ ಅಂತ ಒಳ್ಳಿನಾಗ ಹಾಕಿ..." ಇಷ್ಟು ಹೇಳೂದ್ರಾಗ ಹುಡುಗಿಗಿ ನಗಿ ತಡೀಲಿಲ್ಲ. ನಕ್ಕು, ನಗಿ ನುಂಗಿ, ತಲಿ ಬಗ್ಗಿಸಿ ಅಂದ್ಳು, "ನನಗ ಕೇಕ್ ಬರಂಗಿಲ್ರಿ. ನಿಮ್ಮ ಮನಿಗಿ ಬರೂ ಮನಸ ಮಾತ್ರ ಭಾಳ ಐತ್ರಿ."

ಮುಗೀತು ಅಂದುಕೊಂಡೆ. ನಮ್ಮತ್ತಿ ನನ್ನ ತಿವಿದು, "ಕೇಕ್ ಅಂದ್ರೇನು? ನಾ ಕುಟ್ಟಿದ್ದು ಮಾದಲಿ" ಅಂದ್ಳು. ರಮಜಾನಬಿ ಬಟ್ಟಲಾ ಕೆಳಗಿಟ್ಟಳು. ಆಕಿ ಭುಜ ಅಲಗಾಡಾಕತ್ತಿದ್ವು. ಆಮ್ಯಾಲ ಆ ಭಾರಿ ಹೆಂಗಸು ಹಿಂದ ಬಾಗಿ ನಕ್ಕಳು ನೋಡ್ರಿ, ಪಡಸಾಲ್ಯಾಗಿನ ಮಾತು ನಿಂತ್ವು.

"ನಮ್ಮ ಅಂಗಡ್ಯಾಗ ಮಾರದ ಉಳದ ಕೇಕ್ ಏನ್ ಮಾಡ್ತೇವಿ ಗೊತ್ತೇನ್ರಿ?" ಅಂತ ದನಿ ತಗ್ಗಿಸಿದ್ಳು. "ಪುಡಿ ಮಾಡಿ, ಬೆಲ್ಲ ಹಾಕಿ, ಉಂಡಿ ಕಟ್ಟಿ ಮರುದಿನ ಹೊಸಾ ಮಿಠಾಯಿ ಅಂತ ಮಾರ್ತೇವಿ. ಇಷ್ಟ ವರ್ಷ ಇದು ನನಗೊಬ್ಬಾಕಿಗೇ ಗೊತ್ತು ಅಂದುಕೊಂಡಿದ್ದೆ. ಈ ಆಯಿ ನನ್ನ ಮೀರಿಸ್ಯಾಳ. ಹಾಕವ್ವಾ ಇನ್ನೊಂದಿಷ್ಟು, ತುಪ್ಪ ಜಾಸ್ತಿ ಬಿಡು."

ತಿಂದು ಬಟ್ಟಲಾ ಬಳದು, ಅಂದ್ಳು, "ಎಲ್ಲಾ ಬರತೈತಿ ಅನ್ನೂ ಹುಡುಗ್ಯಾರನ್ನ ಸೊಲ್ಲಾಪುರದಾಗ ನೋಡಿ ನೋಡಿ ಸಾಕಾಗೇತಿ. ಬರೂ ಮನಸೈತಿ ಅಂದಾಕಿ ನೀ ಒಬ್ಬಾಕಿನ." ಪಡದಾದ ಕಡಿ ತಿರುಗಿ, "ಮೋದಿನಸಾಬ್, ನಮ್ಮ ಕಡಿಂದ ಹೂಂ ಐತ್ರಿ!" ಅಂತ ಕೂಗಿದ್ಳು. ಆಚಿ ಕಡಿ ಏನೋ ಬಿದ್ದ ಸಪ್ಪಳ ಆತು. ಅಮೀನುದ್ದೀನ ಚಾದ ಕಪ್ಪು ಅಂಗಿ ಮ್ಯಾಲ ಕೆಡವಿಕೊಂಡಿದ್ದ.

ನಮ್ಮತ್ತಿ ಸಾಯೂ ತನಕಾ, ಸೊಲ್ಲಾಪುರದವರು ಒಲದದ್ದು ನನ್ನ ಮಾದಲಿಗಿ ಅಂತ ಹೇಳಿಕೋತ ಅಡ್ಡಾಡಿದ್ಳು. ಅಲ್ಲ ಅಂತ ಹ್ಯಾಂಗ ಅನ್ನೂದ್ರಿ?

ನಿಕಾಹ ಪೀರಬಿ ಮನ್ಯಾಗನ ಆತು. ಹೆಂಗಸರೆಲ್ಲಾ ನಡಮನ್ಯಾಗ ಸಗೀರಾನ್ನ ಸುತ್ತಗಟ್ಟಿ ಕುಂತಿದ್ವಿ. ಹಿರ್ಯಾರು ಪಡದಾದ ಹೊರಗ ಬಂದು ನಿಂತು ಕೇಳಿದ್ರು, "ಮಗಳಾ, ಈ ನಿಕಾಹ ನಿನಗ ಕಬೂಲ್ ಐತೇನವ್ವಾ?" ಅವರ ರೂಢಿ ಏನಂದ್ರ, ಹುಡುಗಿ ನಾಚಿಕೊಂಡು ಸುಮ್ಮ ಕುಂದರ್ತಾಳ, ಯಾರಾರ ಹಿರಿ ಹೆಂಗಸು ಆಕಿ ತಲಿ ಹಿಡದು ಬಗ್ಗಿಸಿ, ಹೂಂ ಅಂದಾಳ್ರಿ ಅಂತ ಹೇಳ್ತಾಳ. ಹಂಗ ಒಬ್ಬಾಕಿ ಮುದುಕಿ, ಮೋದಿನಸಾಬನ ಅಕ್ಕ, ಸಗೀರಾನ ತಲಿ ಮ್ಯಾಲ ಕೈ ಇಟ್ಟಳು.

ಪೀರಬಿ ಆ ಕೈ ಹಿಡದು ತಗದು ಬಾಜೂಕ ಇಟ್ಟಳು. ನಗಲಿಲ್ಲ. ಇಷ್ಟ ವರ್ಷ ಆಕಿನ್ನ ನೋಡಿದ ನನಗ, ಆ ಮಾರಿ ಹೊಸತಾಗಿತ್ತು.

"ಬ್ಯಾಡ್ರಿ. ಆಕಿಗಿ ಬಾಯಿ ಐತಿ."

"ಏನ ಮಾತಿದು ಪೀರಬಿ, ಎಲ್ಲಾರದೂ ಹಿಂಗ ಆಗೇತಿ" ಅಂದ್ಳು ಮುದುಕಿ.

"ನಂದೂ ಹಿಂಗ ಆಗಿತ್ರಿ. ನಾ ನಿದ್ದಿಗಣ್ಣಾಗ ಇದ್ದೆ, ಸಣ್ಣಾಕಿ. ನಮ್ಮ ಚಿಗವ್ವ ತಲಿ ಬಗ್ಗಿಸಿದ್ಳು. ಎಚ್ಚರಾಗಿ ಯಾಕ ಎಲ್ಲಾರೂ ಸಕ್ರಿ ಹಂಚಾಕತ್ತಾರ ಅಂತ ನಾನ ಕೇಳಿದ್ದೆ."

ಪಡದಾದ ಆಚಿ ಮೋದಿನಸಾಬ ಇದ್ದ, ಅವಗೂ ಕೇಳಿರಬೇಕು, ಕೆಮ್ಮಿದ ಸಪ್ಪಳ ಬಂತು. ಪೀರಬಿ ಮಗಳ ಗದ್ದ ಹಿಡದು ಮ್ಯಾಲ ಎತ್ತಿದ್ಳು.

"ಅವರು ನಿನ್ನ ಕೇಳಾಕತ್ತಾರ, ಸಗೀರಾ. ಹೇಳು."

ಸಗೀರಾ ಅವ್ವನ ಮಾರಿ ನೋಡಿದ್ಳು. ಆಮ್ಯಾಲ ಪಡಸಾಲಿ, ಅಂಗಳ, ಓಣಿ ಎಲ್ಲಾ ಕೇಳೂಹಂಗ, ನಗಿ ತುಂಬಿದ ದನೀಲೆ, "ಕಬೂಲ್ ಐತ್ರಿ!" ಅಂದ್ಳು.